ತೇರಿನಿಂದ ತೇರಿಗೆ 250 ಕೋಟಿ ವರ್ಷ

ವೈನ್ ಸೀಮೆಗಳವರು ಬಾಟಲಿಗೂ ಮುಂಚೆ ಮಣ್ಣಿನ ಮಾತು ಎತ್ತುತ್ತಾರೆ. ಫ್ರಾನ್ಸಿನ ಶಾಂಪೇನ್‌ನವರಿಗೆ ತಮ್ಮ ದ್ರಾಕ್ಷಿ ಬಳ್ಳಿಯ ಬೇರು ಸುಮಾರು 8 ಕೋಟಿ ವರ್ಷದ ಸೀಮೆಸುಣ್ಣದ ಕಲ್ಲಿಗೆ ಇಳಿದಿದೆಯೆಂಬ ಹೆಮ್ಮೆ. ಬರ್ಗಂಡಿಯ ಸುಣ್ಣಕಲ್ಲು ಅದರ ದುಪ್ಪಟ್ಟು, ಸುಮಾರು 16 ಕೋಟಿ. ಒಪ್ಪೋಣ. ಈಗ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಗೆ ಬನ್ನಿ. ಅಲ್ಲಿ ಕರಡಿಗಳು ಹಗಲು ಮಲಗುವ ಕಣಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಶಾಂಪೇನ್‌ನ ಕಲ್ಲಿಗಿಂತ 30 ಪಟ್ಟು ಹಿರಿದು!

ಹತ್ತಿರ ಹೋಗಿ ನೋಡಿದರೆ ಬಂಡೆಯ ಮೈಯಲ್ಲಿ ಗುಲಾಬಿ, ಬಿಳಿ, ಕಪ್ಪು ಹರಳುಗಳು ಒತ್ತೊತ್ತಾಗಿವೆ. ಬಿಸಿಲಿಗೆ ಕಾದು, ಮಳೆಗೆ ತಣಿದು ಹೊಪ್ಪಳಿಕೆ ಎದ್ದ ಕಡೆ ಅಂಗೈಯಿಂದ ಉಜ್ಜಿದರೆ ಗರಸು ಉದುರುತ್ತದೆ. ಅದೇ ಇನ್ನಷ್ಟು ಪುಡಿಯಾಗಿ, ಕಬ್ಬಿಣದ ಅಂಶ ತುಕ್ಕು ಹಿಡಿದು, ಈ ಸೀಮೆಯ ಕೆಂಪು ಮಸಾರಿ ಹೊಲವಾಗಿದೆ.

250 ಕೋಟಿ ಎಂದರೆ ತಲೆಗೆ ಹತ್ತುವ ಲೆಕ್ಕವಲ್ಲ. ಅದನ್ನು ಕೊಟ್ಟೂರಿನ ಗುರುಬಸವೇಶ್ವರನ ಒಂದು ತೇರಿನಿಂದ ಮುಂದಿನ ತೇರಿನವರೆಗಿನ ಒಂದೇ ವರ್ಷಕ್ಕೆ ಇಳಿಸೋಣ. ಆಗ ಒಂದು ದಿನಕ್ಕೆ 68 ಲಕ್ಷ ವರ್ಷ, ಒಂದು ಸೆಕೆಂಡಿಗೆ ಸುಮಾರು 80 ವರ್ಷ. ಒಬ್ಬರ ತುಂಬು ಆಯಸ್ಸು ಒಂದು ಸೆಕೆಂಡ್.

ಹೋದ ವರ್ಷದ ತೇರಿನ ದಿನ ನಮ್ಮ ಬಂಡೆ ಹುಟ್ಟಿತು ಎನ್ನಿ. ಮಳೆಗಾಲ ಕಳೆದು, ದಸರಾ, ದೀಪಾವಳಿ, ಸಂಕ್ರಾಂತಿ ಮುಗಿದರೂ ಫ್ರಾನ್ಸಿನ ಆ ಎರಡು ಕಲ್ಲುಗಳ ಸುಳಿವಿಲ್ಲ. ಈ ವರ್ಷದ ತೇರಿಗೆ ಮೂರು ವಾರ ಉಳಿದಿರುವಾಗ ಬರ್ಗಂಡಿಯ ಸುಣ್ಣಕಲ್ಲು, ಭಾರತ ಹುಣ್ಣಿಮೆಯ ಆಸುಪಾಸಿಗೆ ಶಾಂಪೇನ್‌ನ ಸೀಮೆಸುಣ್ಣ ಕಾಣಿಸಿಕೊಳ್ಳುತ್ತವೆ. ಮನುಷ್ಯ ಬಂದಿದ್ದು ತೇರು ಹೊರಡಲು ಒಂದು ಗಂಟೆ ಇದೆ ಎನ್ನುವಾಗ. ಜಾರ್ಜಿಯಾ ದೇಶದ ಮಣ್ಣಿನ ಗಡಿಗೆಗಳಲ್ಲಿ ಗುರುತು ಉಳಿದಿರುವ, ಸುಮಾರು 8,000 ವರ್ಷ ಹಳೆಯ ವೈನ್ ಹುಳಿ ಬಂದಿದ್ದು ಕೊನೆಯ 100 ಸೆಕೆಂಡಿನಲ್ಲಿ.

ಉಳಿದ ಸೆಕೆಂಡುಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಈ ಐದು ತಾಲ್ಲೂಕುಗಳದ್ದೇ ದರ್ಬಾರು. 21 ಸೆಕೆಂಡ್ ಇರುವಾಗ ಪಲ್ಲವ ರಾಜ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನ ಕಂಚಿಯಿಂದ ಹೊರಟಿತು. ಅದು ಸಿಕ್ಕಿದ್ದು ಹಿರೇಹಡಗಲಿಯಲ್ಲಿ. ಖಾತ್ರಿಪಡಿಸಿದ್ದು ಒಂದು ತೋಟದ ದಾನ. ಆದರೆ ರಾಜನ ತಂದೆಯನ್ನು ಹೊಗಳುವಾಗ ಶಾಸನ ಎಣಿಸುವುದು ಕೋಟಿಗಟ್ಟಲೆ ಹೊನ್ನು, ಲಕ್ಷ ಎತ್ತಿನ ನೇಗಿಲು! ಸಂಖ್ಯೆಯ ಹುಚ್ಚು ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ನಾಡಿನ ಹೆಸರಿಗೇ ಅಂಕಿ ಅಂಟಿತು: ನೊಳಂಬವಾಡಿ 32,000, ಅದರೊಳಗೆ ಕೋಗಳಿ 500. ನೊಳಂಬರ ಕೋಟೆ ಉಚ್ಚಂಗಿದುರ್ಗ ಹರಪನಹಳ್ಳಿ ತಾಲ್ಲೂಕಿನಲ್ಲಿದೆ, ಕೋಗಳಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಳ್ಳಿ. 13 ಸೆಕೆಂಡ್ ಇರುವಾಗ, ಅಂದರೆ 987ರ ಹೊತ್ತಿಗೆ, ಬಾಗಳಿಯಲ್ಲಿ ಕಲ್ಲೇಶ್ವರನ ಗುಡಿ ಎದ್ದಿತ್ತು. ಇನ್ನು ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಓಡಾಟವೆಲ್ಲ ಸೆಕೆಂಡಿನ ಮೂರನೇ ಒಂದು ಪಾಲಿನೊಳಗೆ ಮುಗಿಯಿತು.

ಹಾಗಾದರೆ ದ್ರಾಕ್ಷಿ ಎಲ್ಲಿ? 1520ರ ಸುಮಾರಿಗೆ ವಿಜಯನಗರದ ಪೇಟೆ ಸುತ್ತಿದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಧಾರಣೆ ಬರೆದಿಟ್ಟಿದ್ದಾನೆ: ಒಂದು ಪಣಕ್ಕೆ ದ್ರಾಕ್ಷಿ 3 ಗೊಂಚಲು, ದಾಳಿಂಬೆ 10. ತುಂಗಭದ್ರಾ ಹೊಳೆಯಾಚೆ, ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಬಳಿ ಬೆಳೆದ ದ್ರಾಕ್ಷಿಯ ವೈನ್ ಇಂದು ‘ಹಂಪಿ ಹಿಲ್ಸ್’ ಹೆಸರು ಹೊತ್ತು ಮಾರಾಟಕ್ಕಿದೆ. ಈಚೆಗೆ ಹಗರಿಬೊಮ್ಮನಹಳ್ಳಿ ಹಿಡಿದಿದ್ದು ಪಾಯೆಸ್‌ನ ಪಟ್ಟಿಯ ಅಗ್ಗದ ಹಣ್ಣನ್ನು: ದಾಳಿಂಬೆ. ಅದಕ್ಕೂ ದುಂಡಾಣು ಅಂಗಮಾರಿ ತಗುಲಿ ತೋಟಕ್ಕೆ ತೋಟವೇ ಕಿತ್ತುಹಾಕಿದ ರೈತರಿದ್ದಾರೆ.

ಮಳೆಯ ಲೆಕ್ಕ ಇನ್ನೂ ಸೋಜಿಗದ್ದು. ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಶಾಂಪೇನ್‌ನಲ್ಲೂ ಬಹಳ ಹೆಚ್ಚೇನಿಲ್ಲ. ಅಲ್ಲಿ ಅದು ವರ್ಷವಿಡೀ ಹಂಚಿ ಬೀಳುತ್ತದೆ, ತಂಪಿನಲ್ಲಿ ಇಂಗುತ್ತದೆ. ಸೀಮೆಸುಣ್ಣದ ಕಲ್ಲು ನೀರು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ. ಇಲ್ಲಿ ನಾಲ್ಕೈದು ತಿಂಗಳಲ್ಲಿ ಸುರಿದು, ಗಟ್ಟಿ ಬಂಡೆಯ ಮೇಲೆ ಹರಿದು ಹಳ್ಳ ಸೇರುತ್ತದೆ. ನಿಂತದ್ದನ್ನು ಬಿಸಿಲು ಕುಡಿಯುತ್ತದೆ. ಎಳೆಯ ಕಲ್ಲಿಗೆ ಇರುವ ಗುಣ ಹಿರಿಯ ಕಲ್ಲಿಗಿಲ್ಲ. ವಯಸ್ಸೇ ಬೆಳೆಯಲ್ಲ.

ಹೆಸರೂ ಒಂದು ಬೆಳೆಯೇ. ಬೇರೆ ಕಡೆಯ ವೈನಿಗೆ ಶಾಂಪೇನ್ ಎಂಬ ಹೆಸರಿಡಲು ಯುರೋಪಿನ ಕಾನೂನು ಬಿಡುವುದಿಲ್ಲ. ಅದೇ ಬಗೆಯ ರಕ್ಷಣೆ, ಭೌಗೋಳಿಕ ಸೂಚಿಕೆ, ಹಡಗಲಿ ಮಲ್ಲಿಗೆಗೂ ಸಿಕ್ಕಿದೆ. ಶಾಂಪೇನ್‌ನವರು ಆ ಹಕ್ಕನ್ನು ಜಗತ್ತಿನ ಪೇಟೆಯಲ್ಲಿ ದುಡ್ಡಾಗಿಸಿದ್ದಾರೆ. ನಮ್ಮಲ್ಲಿ ನಸುಕಿಗೆ ಎದ್ದು ಮೊಗ್ಗು ಬಿಡಿಸಿದವರಿಗೆ ಸಿಗುವುದು ಅಂದಿನ ಧಾರಣೆಯಷ್ಟೇ. ಕಲ್ಲಿನ ವಯಸ್ಸಿನಲ್ಲಿ 30 ಪಟ್ಟು ಹಿರಿಯರಾದ ನಾವು ಈ ಒಂದು ವಿದ್ಯೆಯನ್ನು ಆ ಕಿರಿಯರಿಂದ ಕಲಿತರೆ ಯಾವ ನಷ್ಟವೂ ಇಲ್ಲ.