ಛಾಯಾಚಿತ್ರಕ್ಕೆ ವಸ್ತುವೆಲ್ಲಿ?

ಪಣವೇಲಿನಿಂದ ಹೊರಟು ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡುಗಳನ್ನು ಹಾದು ಬರುತ್ತಿದ್ದ ಹಿಂದಿನ ೧೭ನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿಯು ಕೊನೆಗೊಳ್ಳುತ್ತಿದ್ದುದು ನಮ್ಮ ಈ ಎಡಪ್ಪಳ್ಳಿಯಲ್ಲಿ. ೨೦೧೦ರಲ್ಲಿ ಹೆದ್ದಾರಿಗಳಿಗೆ ಹೊಸ ನಂಬರುಗಳು ಬಂದ ಮೇಲೆ ಅದೇ ರಸ್ತೆಯು ೬೬ನೆಯದಾಗಿ ತಿರುವನಂತಪುರವನ್ನೂ ದಾಟಿ ಕನ್ಯಾಕುಮಾರಿಯವರೆಗೆ ಸಾಗಿದೆ. ಹೀಗೆ ಊರಿನ ರಸ್ತೆಯನ್ನೇ ಹಿಡಿದು ಬಂದು ಇಲ್ಲಿ ನೆಲೆ ನಿಂತ ಹೋಟೆಲು ಕೆಲಸದ ಬಂಧುಗಳಲ್ಲಿಯೂ ಗುಮಾಸ್ತ ಮಿತ್ರರಲ್ಲಿಯೂ ಇಂದು ಕ್ಯಾಮರಾ ಇಲ್ಲದವರು ವಿರಳ. ಕಿಸೆಯೊಳಗಿನ ಫೋನೇ ಕ್ಯಾಮರಾ. ಆದರೂ ಅವರಲ್ಲಿ ಹಲವರು ನನ್ನೊಡನೆ ಆಡುವ ಮಾತು ಒಂದೇ: “ತೆಗೆಯೋಣವೆಂದರೆ ಇಲ್ಲಿ ಏನುಂಟು, ಯಜಮಾನರೇ? ಮೂನ್ನಾರಿಗೆ ಹೋಗಲು ರಜೆಯಿಲ್ಲ. ರಜೆ ಸಿಕ್ಕಿದರೆ ದುಡ್ಡಿಲ್ಲ.”

ನಾನೂ ಒಂದು ಕಾಲಕ್ಕೆ ಹೀಗೆಯೇ ಎಣಿಸಿದ್ದವನು. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಬಿಡುವು ದೊರೆತಾಗಲೆಲ್ಲ ಫೋರ್ಟ್ ಕೊಚ್ಚಿಗೆ ಓಡಿ, ಕಡಲಂಚಿನ ಚೀನೀ ಬಲೆಗಳ ಚಿತ್ರಗಳನ್ನು ತೆಗೆಯುತ್ತಿದ್ದೆ. ಬಲೆ ಮೇಲೇರಿದ್ದು, ಬಲೆ ಕೆಳಗಿಳಿದದ್ದು, ಬಲೆಯ ಹಿಂದೆ ಸೂರ್ಯ ಮುಳುಗಿದ್ದು, ಹೀಗೆ ಇನ್ನೂರಕ್ಕೆ ಕಡಿಮೆಯಿಲ್ಲ. ಆ ಕಾಲದಲ್ಲಿ ನಮ್ಮ ಅಡುಗೆ ಭಟ್ಟರು ಹತ್ತೊಂಬತ್ತು ವರ್ಷ ಕಾವಲಿಯ ಮುಂದೆ ನಿಂತು ದುಡಿದವರು. ಒಂದು ಮಳೆಗಾಲದಲ್ಲಿ ಊರಿಗೆ ಹೋದವರು ಮರಳಿ ಬರಲಿಲ್ಲ, ಅಲ್ಲಿಯೇ ತೀರಿಕೊಂಡರು. ತಿಂಗಳು ಕಳೆದ ಮೇಲೆ ಅವರ ಮಗಳು ಫೋನು ಮಾಡಿ ಕೇಳಿದಳು: “ಮಾವ, ಅಪ್ಪಯ್ಯ ಕೆಲಸ ಮಾಡುವಾಗ ತೆಗೆದ ಪಟ ನಿಮ್ಮಲ್ಲಿ ಉಂಟಾ? ಅಪ್ಪಯ್ಯ ದೋಸೆ ಹೊಯ್ಯುವುದನ್ನು ನಾವು ಯಾರೂ ಕಂಡದ್ದೇ ಇಲ್ಲ.”

ನಾನು ಎಲ್ಲವನ್ನೂ ಹುಡುಕಿದೆ. ಚೀನೀ ಬಲೆಗಳಿದ್ದುವು. ಯಾರದೋ ಹುಟ್ಟುಹಬ್ಬದ ಚಿತ್ರವೊಂದರ ಮೂಲೆಯಲ್ಲಿ ಭಟ್ಟರ ಅರ್ಧ ಭುಜವಿತ್ತು. ಅಷ್ಟೇ. ಅವರ ಮನೆಯ ಗೋಡೆಯ ಮೇಲೆ ಇಂದು ಇರುವುದು ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಮಸುಕಾದ ಮುಖ. ಹತ್ತೊಂಬತ್ತು ವರ್ಷ ದಿನವೂ ಕಣ್ಣೆದುರಿಗಿದ್ದ ವಸ್ತುವನ್ನು ಬಿಟ್ಟು ನಾನು ಹದಿನೈದು ಕಿಲೋಮೀಟರು ದೂರಕ್ಕೆ ವಸ್ತುವನ್ನು ಅರಸಿ ಹೋಗುತ್ತಿದ್ದೆನಲ್ಲ, ಆ ವ್ಯಥೆಯೇ ಈ ಲೇಖನಕ್ಕೆ ಕಾರಣ.

ಛಾಯಾಚಿತ್ರ ಕಲೆಯ ದೊಡ್ಡವರು ವಸ್ತುವನ್ನು ಎಲ್ಲಿ ಕಂಡರೆಂಬುದನ್ನು ನೋಡಿದರೆ ನಮಗೆ ಧೈರ್ಯ ಬರುತ್ತದೆ. ಮೈಸೂರಿನವರಾದ ಟಿ. ಎಸ್. ಸತ್ಯನ್ (೧೯೨೩-೨೦೦೯) ಅವರು ದೇಶವಿದೇಶಗಳ ಪತ್ರಿಕೆಗಳಿಗೆ ಚಿತ್ರ ಒದಗಿಸಿ, ೧೯೭೭ರಲ್ಲಿ ಪದ್ಮಶ್ರೀ ಪಡೆದ ಹಿರಿಯರು. ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿತವಾದ ಅವರ ಚಿತ್ರಗಳಲ್ಲಿ ಇದ್ದವರು ಸಾಮಾನ್ಯ ಮಕ್ಕಳು. ಪ್ಯಾರಿಸಿನ ಒಂದು ರೈಲು ನಿಲ್ದಾಣದ ಹಿಂದೆ ನಿಂತ ನೀರನ್ನು ಜಿಗಿದು ದಾಟುತ್ತಿದ್ದ ಅನಾಮಿಕನೊಬ್ಬನನ್ನು ೧೯೩೨ರಲ್ಲಿ ಬೇಲಿಯ ಸಂದಿನಿಂದ ಹಿಡಿದ ಹೆನ್ರಿ ಕಾರ್ಟಿಯೆ-ಬ್ರೆಸಾನ್ ಅವರ ಚಿತ್ರವು ಜಗತ್ಪ್ರಸಿದ್ಧವಾಯಿತು. ಇನ್ನು ಕೇರಳದವರೇ ಆದ ವಿಕ್ಟರ್ ಜಾರ್ಜ್ ಅವರು ಆರಿಸಿಕೊಂಡ ವಸ್ತು ಮಳೆ! ಕೇರಳದಲ್ಲಿ ಮಳೆಗಿಂತ ಸಾಮಾನ್ಯವಾದುದು ಮತ್ತೊಂದುಂಟೇ? ೨೦೦೧ರ ಜುಲೈಯಲ್ಲಿ ಇಡುಕ್ಕಿ ಜಿಲ್ಲೆಯ ಭೂಕುಸಿತವೊಂದರ ಚಿತ್ರ ತೆಗೆಯಹೋಗಿ ಅವರು ಪ್ರಾಣವನ್ನೇ ತೆತ್ತರು. ಅಂಥ ಅಪಾಯಕ್ಕೆ ನಾವು ಕೈಹಾಕಬೇಕಾಗಿಲ್ಲ. ಆದರೆ ಎಲ್ಲರೂ ಕೊಡೆ ಹಿಡಿದು ದಾಟಿಹೋಗುವುದನ್ನು ಅವರು ನಿಂತು ನೋಡಿದರೆಂಬುದನ್ನು ಮರೆಯಬಾರದು.

ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಆರಂಭವಾಗುವ ಮುನ್ನ ನಮ್ಮವರಿಗೆ ಒಂದೆರಡು ಗಂಟೆಯ ಬಿಡುವು ಇರುತ್ತದೆ. ಆ ಹೊತ್ತಿಗೆ ಎಡಪ್ಪಳ್ಳಿಯಲ್ಲಿ ಸುಮ್ಮನೆ ಒಂದು ಸುತ್ತು ನಡೆದು ನೋಡಿರಿ. ೨೦೧೭ರಲ್ಲಿ ಓಡಲಾರಂಭಿಸಿದ ಮೆಟ್ರೋ ರೈಲಿನ ಕಂಬಗಳು ರಸ್ತೆಗೆ ನೆರಳಿನ ಪಟ್ಟೆಗಳನ್ನು ಬಳಿದಿರುತ್ತವೆ. ಬಿಸಿಲಿನ ಪಟ್ಟೆಗೆ ಒಬ್ಬ ಲಾಟರಿ ಚೀಟಿ ಮಾರುವವನು ಕಾಲಿಡುವ ತನಕ ಕಾದರೆ ಅದೇ ಒಂದು ಚಿತ್ರ. ಕ್ರಿ. ಶ. ೫೯೪ರಲ್ಲಿ ಸ್ಥಾಪಿತವಾಯಿತೆಂದು ಹೇಳಲಾಗುವ ಸಂತ ಜಾರ್ಜರ ಇಗರ್ಜಿಯ ಮುಂಭಾಗವನ್ನು ಎಲ್ಲರೂ ತೆಗೆಯುತ್ತಾರೆ. ಆದರೆ ಏಪ್ರಿಲ್-ಮೇ ತಿಂಗಳ ಹಬ್ಬದ ಸಮಯದಲ್ಲಿ ಹರಕೆಯ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಬರುವ ಮುದುಕಿಯ ಕೈಗಳಲ್ಲಿ ಆ ಇಗರ್ಜಿಯ ಕಥೆಯೆಲ್ಲವೂ ಇದೆ. ಮಳೆ ನಿಂತ ಸಂಜೆ, ಅಂಗಡಿ ದೀಪಗಳು ಒದ್ದೆ ರಸ್ತೆಯಲ್ಲಿ ತಲೆಕೆಳಗಾಗಿ ಉರಿಯುತ್ತವೆ. ಒಂದೇ ದಾರಿಯನ್ನು ಹತ್ತು ದಿನ ನಡೆದವನಿಗೆ ಹತ್ತನೆಯ ದಿನ ಕಾಣುವುದು ಮೊದಲನೆಯ ದಿನ ಕಾಣುವುದಿಲ್ಲ.

ಹೊತ್ತಿನ ಮಹಿಮೆಯನ್ನು ತಿಳಿಯಬೇಕಾದರೆ ಇದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು ಇನ್ನೂರು ಕಿಲೋಮೀಟರು ಸಾಗಿ ತಿರುವನಂತಪುರಕ್ಕೆ ಹೋಗಬೇಕು. ಅಲ್ಲಿಯ ಶ್ರೀ ಪದ್ಮನಾಭಸ್ವಾಮಿ ದೇವಾಲಯದ ಏಳು ಅಂತಸ್ತಿನ ಗೋಪುರವು ಪೂರ್ವಾಭಿಮುಖವಾಗಿದೆ. ಹಗಲೂ ಇರುಳೂ ಸಮನಾಗುವ ದಿನಗಳಲ್ಲಿ, ಎಂದರೆ ಮಾರ್ಚ್ ೨೧ ಮತ್ತು ಸೆಪ್ಟೆಂಬರ್ ೨೩ರ ಆಸುಪಾಸಿನಲ್ಲಿ, ಸೂರ್ಯನು ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ. ಆಗ ಪೂರ್ವದ ಬೀದಿಯಲ್ಲಿ ನಿಂತವರಿಗೆ ಆತನು ಗೋಪುರದ ಒಂದು ಕಿಂಡಿಯಲ್ಲಿ ಕಾಣಿಸಿಕೊಂಡು, ಮರೆಯಾಗಿ, ಕೆಲವು ನಿಮಿಷಗಳಲ್ಲಿ ಅದರ ಕೆಳಗಿನ ಕಿಂಡಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತ ಇಳಿಯುತ್ತಾನೆ. ಗೋಪುರವು ವರ್ಷವೆಲ್ಲ ಅಲ್ಲಿಯೇ ಇದೆ. ಆ ಚಿತ್ರ ಮಾತ್ರ ಕೆಲವೇ ದಿನ, ಕೆಲವೇ ನಿಮಿಷ. ಅದಕ್ಕಾಗಿ ಕ್ಯಾಮರಾ ಹಿಡಿದು ಎಷ್ಟೋ ಜನ ಕಾದು ನಿಲ್ಲುತ್ತಾರೆ.

ನಮ್ಮ ನಮ್ಮ ಕೆಲಸದ ಜಾಗದಲ್ಲಿಯೂ ಇಂಥದೊಂದು ಗಳಿಗೆ ಉಂಟು. ಬೆಳಗಿನ ಎಷ್ಟು ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ಬಿಸಿಲು ಓರೆಯಾಗಿ ಒಳಬರುತ್ತದೆ? ಆಗ ಇಡ್ಲಿಯ ಪಾತ್ರೆ ತೆರೆದರೆ, ಕಪ್ಪಾದ ಗೋಡೆಯ ಮುಂದೆ ಹಬೆಯು ಬೆಳ್ಳಿಯಂತೆ ಏಳುವುದು ಕಾಣುತ್ತದೆ. ಬೆಳಕು ಹಬೆಯ ಹಿಂದಿನಿಂದ ಬರಬೇಕು, ಹಿನ್ನೆಲೆ ಕತ್ತಲಾಗಿರಬೇಕು. ಇಷ್ಟೇ ಗುಟ್ಟು. ಹಿಟ್ಟನ್ನು ಸುತ್ತಿ ಹರಡುವ ಕೈ, ಕಾಫಿಯನ್ನು ಎತ್ತಿ ಹೊಯ್ಯುವ ಮಾಣಿ, ಗಲ್ಲಾಪೆಟ್ಟಿಗೆಯ ಬಳಿ ಚಿಲ್ಲರೆ ಎಣಿಸುವ ಬೆರಳುಗಳು, ಕಚೇರಿಯಲ್ಲಿ ಕಡತಗಳ ಹಿಂದೆ ಕನ್ನಡಕ ಏರಿಸಿಕೊಂಡ ಹಿರಿಯ ಗುಮಾಸ್ತರು, ಇವೆಲ್ಲವೂ ವಸ್ತುಗಳೇ.

ಒಂದೆರಡು ಅನುಭವದ ಮಾತುಗಳನ್ನೂ ಹೇಳಿಬಿಡುತ್ತೇನೆ. ಹೋಟೆಲಿನವರ ಫೋನಿನ ಮಸೂರದ ಮೇಲೆ ಎಣ್ಣೆಯ ಪಸೆ ಕುಳಿತಿರುತ್ತದೆ. ಅದರಿಂದಲೇ ಚಿತ್ರಗಳು ಮಂಜು ಕವಿದಂತಾಗುವುದು. ಶುಭ್ರವಾದ ಮೆತ್ತನೆಯ ಬಟ್ಟೆಯಿಂದ ಮೊದಲು ಒರೆಸಿರಿ. ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ತೆಗೆಯುವುದಕ್ಕಿಂತ ಎರಡು ಹೆಜ್ಜೆ ಹತ್ತಿರ ಹೋಗುವುದು ಲೇಸು. “ಇತ್ತ ನೋಡಿ” ಎಂದು ಕೂಗಿದರೆ ಎಂಥವರೂ ಕಂಬದಂತೆ ಸೆಟೆಯುತ್ತಾರೆ. ಅವರು ಕೆಲಸದಲ್ಲಿ ಮುಳುಗುವ ತನಕ ತಾಳಿರಿ.

ಹಾಗೆಂದು ಕದ್ದು ತೆಗೆಯಬೇಕೆಂದಲ್ಲ. ಮುಂಚೆಯೇ ಕೇಳಿ ಒಪ್ಪಿಗೆ ಪಡೆದಿರಬೇಕು. ಬೀದಿಯಲ್ಲಿ “ಒರು ಫೋಟೋ ಎಡುತ್ತೋಟ್ಟೇ?” ಎಂದು ನಗುತ್ತ ಕೇಳಿದರೆ ಮಲಯಾಳಿಗಳು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಬೇಡವೆಂದರೆ ಕೈಮುಗಿದು ಮುಂದೆ ನಡೆಯಿರಿ. ದೇವಾಲಯದ ಒಳಗೂ, ನೌಕಾನೆಲೆಯಂಥ ನಿಷೇಧವಿರುವ ಸ್ಥಳಗಳಲ್ಲಿಯೂ ಕ್ಯಾಮರಾ ಹೊರತೆಗೆಯಲೇಬಾರದು. ಒಬ್ಬರು ಅಳುವಾಗ, ಉಣ್ಣುವಾಗ, ದಣಿದು ನಿದ್ದೆಹೋದಾಗ ಅವರನ್ನು ಚಿತ್ರವಾಗಿಸಿ ನಾಲ್ಕು ಜನಕ್ಕೆ ಹಂಚುವುದು ಕಲೆಯಲ್ಲ, ಅಪಚಾರ.

ಊರಿನಿಂದ ದೂರ ಬಂದು ದುಡಿಯುವವನ ಬದುಕಿನ ಅರ್ಧಭಾಗವು ಅವನ ಮನೆಯವರಿಗೆ ಅಗೋಚರವಾಗಿಯೇ ಉಳಿಯುತ್ತದೆ. ತಿಂಗಳ ಹಣ ತಲಪುತ್ತದೆ. ಅದನ್ನು ಗಳಿಸಿದ ಕೈ ಹೇಗಿತ್ತೆಂಬುದು ತಲಪುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತ ಚಿತ್ರಗಳು ಎಲ್ಲರ ಮನೆಯಲ್ಲಿಯೂ ಉಂಟು. ಬೆವರಿದ ಬನಿಯನ್ನಿನಲ್ಲಿ ಸಟ್ಟುಗ ಹಿಡಿದು ನಿಂತ ಚಿತ್ರವು ಯಾರ ಮನೆಯಲ್ಲಿದೆ? ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಆದಕಾರಣ ಪ್ರಿಯ ವಾಚಕರೇ, ಈ ವಾರ ಬೇರೆಲ್ಲಿಗೂ ಹೋಗಬೇಡಿರಿ. ನಿಮ್ಮ ಪಕ್ಕದಲ್ಲಿ ದುಡಿಯುವ ಒಬ್ಬರ ಒಪ್ಪಿಗೆ ಪಡೆದು, ಅವರ ಕೆಲಸದ ನಡುವೆ ಅವರದೊಂದು ಚಿತ್ರ ತೆಗೆಯಿರಿ. ಅವರ ಕೈಯಿಂದ ನಿಮ್ಮದೊಂದನ್ನು ತೆಗೆಸಿಕೊಳ್ಳಿರಿ. ಫೋನು ಇಂದು ಇದ್ದು ನಾಳೆ ನೀರಿಗೆ ಬೀಳುವ ವಸ್ತು. ಆದುದರಿಂದ ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿನಲ್ಲಿ ಹೆಸರು, ಸ್ಥಳ, ತಾರೀಖುಗಳನ್ನು ಬರೆದು ಊರಿಗೆ ಕಳುಹಿಸಿರಿ.

ಭಟ್ಟರ ಮಗಳಿಗೆ ನಾನು ಕೊನೆಗೆ ಕಳುಹಿಸಿದ್ದು ಅವರು ನಿಂತು ಸವೆಸಿದ ಆ ಕಾವಲಿಯ ಚಿತ್ರವನ್ನು. ಕಾವಲಿ ಸ್ಪಷ್ಟವಾಗಿ ಬಂದಿತ್ತು. ಅದರ ಮುಂದೆ ಯಾರೂ ಇರಲಿಲ್ಲ.