ಹಿಮದ ಹಾದಿಯ ಹರೆಯ

ಕೆನಡಾದ ಗಡಿಗೆ ತಾಗಿದ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಚಳಿಗಾಲ ಬಂದಿತೆಂದರೆ, ಪ್ರೌಢಶಾಲೆಯ ಬಾಲಕ ಬಾಲಕಿಯರು ಪಾಠ ಮುಗಿಸಿ ಹಿಮದ ಮೇಲೆ ಓಡಲು ಹೊರಡುತ್ತಾರೆ. ಪಾದಗಳಿಗೆ ನೀಳವಾದ ಸ್ಕೀ ಹಲಗೆಗಳು, ಕೈಗಳಲ್ಲಿ ಎರಡು ಊರುಗೋಲುಗಳು. ಬೆಟ್ಟದಿಂದ ಕೆಳಕ್ಕೆ ಜಾರುವ ವಿನೋದವಲ್ಲ ಇದು. ಏರನ್ನೂ ಸ್ವಂತ ಕಸುವಿನಿಂದಲೇ ಏರಬೇಕು. 5 ಕಿಲೋಮೀಟರು ಮುಗಿಯುವ ವೇಳೆಗೆ ಎದೆ ಉರಿಯುತ್ತಿರುತ್ತದೆ, ರೆಪ್ಪೆಗಳ ಮೇಲೆ ಹಿಮ ಹೆಪ್ಪುಗಟ್ಟಿರುತ್ತದೆ.

ಹಲಗೆಯ ಅಡಿಗೆ ಬಳಿಯುವ ಮೇಣದ್ದೇ ಒಂದು ಶಾಸ್ತ್ರ. ಹಳೆಯ ಶೈಲಿಯ ಓಟದಲ್ಲಿ, ತುಳಿದಾಗ ಅದು ಹಿಮವನ್ನು ಕಚ್ಚಬೇಕು, ಜಾರುವಾಗ ಬಿಟ್ಟುಕೊಡಬೇಕು. ಹವೆ ತುಸು ಬದಲಾದರೆ ಮೇಣವೂ ಬದಲು! ಬೇಸಗೆಯಲ್ಲಿಯೂ ಬಿಡುವಿಲ್ಲ; ಚಕ್ರಗಳುಳ್ಳ ಸ್ಕೀಗಳನ್ನು ತೊಟ್ಟು ಟಾರುರಸ್ತೆಯ ಮೇಲೆ ಅಭ್ಯಾಸ.

ಓಡುವುದು ಒಬ್ಬೊಬ್ಬರೇ, ಅಂಕಗಳು ಸೇರುವುದು ತಂಡಕ್ಕೆ. ಆ ಎಳೆಯ ಪ್ರಾಯಕ್ಕೆ ಇದು ಆಸರೆಯೂ ಹೌದು, ಹೊರೆಯೂ ಹೌದು.

ಅಲ್ಲಿನ ಸ್ಟಿಲ್‌ವಾಟರ್ ಪ್ರೌಢಶಾಲೆಯ ತಂಡದಲ್ಲಿ ಪಳಗಿದವಳು ಜೆಸ್ಸಿ ಡಿಗ್ಗಿನ್ಸ್. ಶಾಲೆ ಮುಗಿಯುವ ಪ್ರಾಯದಲ್ಲಿ ಈಕೆಯನ್ನು ಆಹಾರಸೇವನೆಗೆ ಸಂಬಂಧಿಸಿದ ಮನೋವ್ಯಾಧಿಯೊಂದು ಹಿಡಿಯಿತು. ಗಡಿಯಾರದ ಮೇಲೆಯೇ ಕಣ್ಣಿಟ್ಟವರಿಗೆ ಇಂಥ ಬೇನೆ ಕಾಣುವುದು ಕಷ್ಟ. ಗೆಲ್ಲುತ್ತಿರುವ ಹುಡುಗಿಯನ್ನು ‘ಉಂಡೆಯಾ?’ ಎಂದು ಕೇಳುವವರು ಯಾರು? ಡಿಗ್ಗಿನ್ಸ್ ಚಿಕಿತ್ಸಾಲಯ ಸೇರಿ ಚೇತರಿಸಿಕೊಂಡಳು. 2018ರ ಪ್ಯಾಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಕಿಕ್ಕನ್ ರ್‍ಯಾಂಡಲ್ ಜೊತೆಗೂಡಿ, ಕೇವಲ 0.19 ಸೆಕೆಂಡಿನ ಅಂತರದಿಂದ ಸ್ವೀಡನ್ನನ್ನು ಹಿಂದಿಕ್ಕಿದಳು. ಈ ಕ್ರೀಡೆಯಲ್ಲಿ ಅಮೆರಿಕಕ್ಕೆ ದೊರೆತ ಮೊದಲ ಚಿನ್ನ ಅದು.

ಪದಕಕ್ಕಿಂತ ದೊಡ್ಡ ಧೈರ್ಯ ಆಕೆಯ ಬಾಯಿಬಿಚ್ಚುವಿಕೆಯದು. 2020ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ತನ್ನ ಬೇನೆಯನ್ನು ಮರೆಮಾಚದೆ ಬರೆದಳು. 2023ರಲ್ಲಿ ಅದು ಮರುಕಳಿಸಿದಾಗ, ಅದನ್ನೂ ತಾನೇ ಮುಂದೆ ಬಂದು ಹೇಳಿಕೊಂಡಳು. ಆ ಚಳಿಗಾಲದ ವಿಶ್ವಕಪ್ ಕೂಡ ಆಕೆಯದೇ ಆಯಿತು.