ಸೋರದ ಹಂಚು, ಸುಳ್ಳಿಲ್ಲದ ವರದಿ

ಡೊಂಬಿವಲಿ ಎಂಐಡಿಸಿಯಲ್ಲಿ ಮನೆ ಮಾಡಿರುವ ನಮಗೆ ಎರಡು ದಿನಾಂಕ ಮರೆಯುವುದಿಲ್ಲ: 2016ರ ಮೇ 26, 2024ರ ಮೇ 23. ಎರಡು ಸಲವೂ ಇಲ್ಲಿನ ರಾಸಾಯನಿಕ ಕಾರ್ಖಾನೆಯಲ್ಲಿ ಸ್ಫೋಟವಾಗಿ ಜನ ಸತ್ತರು; ಸುತ್ತಲಿನ ಮನೆಗಳ ಕಿಟಕಿ ಗಾಜು ಪುಡಿಯಾಯಿತು.

ಕಾರ್ಖಾನೆಗಳ ಅಲಾರಂ ವ್ಯವಸ್ಥೆಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಹಿಂದಿನ ಕಂಪನಿಯೊಂದರಲ್ಲಿ, ಮಾಡದ ಟೆಸ್ಟ್‌ಗೆ ‘ಪಾಸ್’ ಎಂದು ಬರೆಯಲು ಮೇಲಿನವರು ಹೇಳಿದರು. ನಾನು ಬರೆಯಲಿಲ್ಲ. ಡೆಲಿವರಿ ತಡವಾಯಿತು, ಆ ವರ್ಷ ಬಡ್ತಿಯೂ ತಪ್ಪಿತು. “ಇದಕ್ಕೂ ನಿಮ್ಮ ಚರ್ಚಿಗೂ ಏನು ಸಂಬಂಧ?” ಎಂದು ಗೆಳೆಯರೊಬ್ಬರು ಕೇಳಿದರು. ಸುಳ್ಳುಸಾಕ್ಷಿ ಕೂಡದೆಂಬ ಆಜ್ಞೆ ಟೆಸ್ಟ್ ರಿಪೋರ್ಟಿಗೂ ಸಲ್ಲುತ್ತದೆ ಎಂದೆ.

ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೆನಪಾಗುತ್ತದೆ. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಕಿಟ್ಟೆಲರ ನಿಘಂಟು 1894ರಲ್ಲಿ ಬಂತು. ಅವರು ಬಂದದ್ದು ಮತಪ್ರಚಾರಕ್ಕೇ, ನಿಜ. ಆದರೆ ನಾಡಿನ ಎಲ್ಲರೂ ತಮ್ಮದೆಂದು ಉಳಿಸಿಕೊಂಡದ್ದು ಅವರ ಅಚ್ಚುಕಟ್ಟಾದ ಕೆಲಸವನ್ನು. ಮಂಗಳೂರು ಹಂಚಿನಡಿ ಮಳೆಗಾಲ ಕಳೆದವರು ಅದನ್ನು ಸುಟ್ಟವನ ಮತ ಕೇಳಲಿಲ್ಲ. ಸೋರುತ್ತದೆಯೇ ಎಂದಷ್ಟೇ ನೋಡಿದರು.

ಹೊರನಾಡಿನಲ್ಲಿ ದುಡಿಯುವ ನಮ್ಮನ್ನೂ ಜನ ಅಳೆಯುವುದು ಹಾಗೆಯೇ. ಭಾನುವಾರದ ಪ್ರಾರ್ಥನೆ ನನಗೆ ಬಲ ಕೊಡುತ್ತದೆ. ಅದರ ಪರೀಕ್ಷೆ ಸೋಮವಾರ. ಕಾರ್ಖಾನೆಗಳ ಸುರಕ್ಷತಾ ತಪಾಸಣೆಯ ವಿವರ ಕೇಳಲು ನಮ್ಮ ಸೊಸೈಟಿಯವರು ಕಚೇರಿಗೆ ಹೊರಟರೆ ನಾನೂ ರಜೆ ಹಾಕಿ ಹೋಗುತ್ತೇನೆ. ಅಲ್ಲಿ ನನ್ನ ಮತ ಯಾವುದೆಂದು ಯಾರಿಗೂ ಬೇಕಿಲ್ಲ. ತಾಂತ್ರಿಕ ವರದಿ ಓದಿ ಹೇಳುವವರೊಬ್ಬರು ಬೇಕು, ಅಷ್ಟೆ.